ಗೋದಾ ಮೇಡಂ ಹಾಕಿದ ಒಂದೇ ಷರತ್ತು

ಗೋದಾ ಮೇಡಂ ಅವರಿಗೆ ಕೂತು ಯೋಚನೆ ಮಾಡಲು ಬರುತ್ತಿರಲಿಲ್ಲ. ತತ್ವಶಾಸ್ತ್ರ ಹೇಳಿಕೊಡುವವರಿಗೆ ಇದು ಅಂಥ ಶೋಭೆ ತರುವ ಸಂಗತಿಯಲ್ಲ. ಪಟಗಳಲ್ಲಿ ನೋಡಿ, ತತ್ವಜ್ಞಾನಿಗಳೆಲ್ಲ ಗಲ್ಲಕ್ಕೆ ಕೈಯೂರಿ ಕೂತೇ ಇರುತ್ತಾರೆ. ಗೋದಾ ಮೇಡಂ ಕೂತರೆ ಕಾಲು ಅಲ್ಲಾಡುತ್ತಿತ್ತು. ಯಾರಾದರೂ ಕಾಲಿನ ಕಡೆ ನೋಡಿದರೆ ಅದನ್ನು ನಿಲ್ಲಿಸಿ ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು ಶುರು. ಚಾಮರಾಜಪೇಟೆಯ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಅವರು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆಯುತ್ತಲೇ ಪಾಠ ಮಾಡಿದರು. ಹುಡುಗರು ಟೆನಿಸ್ ನೋಡುವವರ ಹಾಗೆ ಕತ್ತು ತಿರುಗಿಸಿ ತಿರುಗಿಸಿ ನೋಟ್ಸ್ ಬರೆದುಕೊಂಡರು.

ಅವರ ವಿಷಯ ಜನಾಂಗ, ವರ್ಗ ಮತ್ತು ಹೆಣ್ಣು-ಗಂಡಿನ ಭೇದ. ಮೂರನ್ನೂ ಅವರೇ ಆರಿಸಿಕೊಂಡದ್ದಲ್ಲ. ಸಂಶೋಧನೆಗೆ ಸೇರಿದಾಗ ಅವರ ಗೈಡು, "ಜನಾಂಗಭೇದದ ಮೇಲೆ ಮಾಡಮ್ಮ. ಅದು ದೂರದ ದೇಶದ್ದು, ಇಲ್ಲಿ ಯಾರಿಗೂ ಬೇಜಾರಾಗಲ್ಲ" ಎಂದರು. ಎರಡು ವರ್ಷ ಕಳೆದ ಮೇಲೆ, "ಪುಸ್ತಕಾನೇ ಸಿಗಲ್ಲ ಅಂತೀಯ. ಬಿಟ್ಹಾಕು, ವರ್ಗದ ಮೇಲೆ ಮಾಡು" ಎಂದರು. ಇನ್ನೆರಡು ವರ್ಷಕ್ಕೆ ಯಾವುದೋ ಸೆಮಿನಾರಿಗೆ ಹೋಗಿ ಬಂದವರೇ, "ವರ್ಗ ಹಳೇದಾಯ್ತು. ಈಗೆಲ್ಲ ಸ್ತ್ರೀಯರ ವಿಚಾರ" ಎಂದರು. ಬರೆದದ್ದನ್ನು ಬಿಸಾಕುವ ಮನಸ್ಸಾಗದೆ ಗೋದಾ ಮೂರನ್ನೂ ಸೇರಿಸಿ ಒಂದೇ ಬೈಂಡು ಹಾಕಿಸಿದರು. ಆರುನೂರ ಹನ್ನೆರಡು ಪುಟ. ಒಂದರ ಕಾಲು ಇನ್ನೊಂದರ ಮೇಲಿದೆ, ಒಂದನ್ನು ಎಳೆದರೆ ಮೂರೂ ಬರುತ್ತವೆ ಎಂಬುದು ಅದರ ಸಾರಾಂಶ. ಮೊದಲು ಕಾಗದ ಉಳಿಸಲು ಮಾಡಿದ ವಾದ ಆಮೇಲೆ ನಂಬಿಕೆಯೇ ಆಯಿತು. ಜಾತಿ ಎಂಬ ಮಾತನ್ನು ಮಾತ್ರ ಗೈಡು ಆರು ವರ್ಷದಲ್ಲಿ ಒಮ್ಮೆಯೂ ಬಾಯಿಗೆ ತರಲಿಲ್ಲ. ಗೋದಾ ಅದನ್ನು ಒಂದು ಅಡಿಟಿಪ್ಪಣಿಯಲ್ಲಿ ತೂರಿಸಿ, ಮುಂದಿನ ಮೂವತ್ತೊಂದು ವರ್ಷ ಆ ಅಡಿಟಿಪ್ಪಣಿಯನ್ನೇ ಪಾಠ ಮಾಡಿದರು.

ಅವರಿಗೆ ಹೆಸರು ತಂದುಕೊಟ್ಟದ್ದು ಮಾತ್ರ ಆ ದಪ್ಪ ಪ್ರಬಂಧವಲ್ಲ, ಹದಿನಾಲ್ಕು ಪುಟದ ಒಂದು ಲೇಖನ. ಮಲ್ಲೇಶ್ವರದ ಹಳೇ ಮನೆಗಳ ಬೆನ್ನಿಗೆ ಒಂದು ಕನ್ಸರ್ವೆನ್ಸಿ ಗಲ್ಲಿ ಇರುತ್ತದಲ್ಲ, ಅದರ ಮೇಲೆ ಬರೆದದ್ದು. ಬಡಾವಣೆ ಹಾಕಿದವರು ಎರಡು ಸಾಲು ಮನೆಗಳ ನಡುವೆ ಈ ಸಂದು ಬಿಟ್ಟದ್ದು ಮಲ ಹೊರುವವರು ಮುಂದಿನ ರಸ್ತೆಯಲ್ಲಿ ಯಾರ ಕಣ್ಣಿಗೂ ಬೀಳದೆ ಬಂದು ಹೋಗಲಿ ಎಂದು. ಆ ಕೆಲಸ ನಿಂತು ಎಷ್ಟೋ ಕಾಲವಾದರೂ ಮನೆಕೆಲಸದವರು ಆ ಕಡೆಯಿಂದಲೇ ಬರುತ್ತಾರೆ, ಮೂರು ದಿನ ಹೊರಗಿದ್ದ ಹೆಂಗಸರೂ ಆ ಬಾಗಿಲಲ್ಲೇ ಓಡಾಡುತ್ತಿದ್ದರು, ಹಾಗಾದರೆ ಒಂದು ಮನೆಗೆ ಎರಡು ಬಾಗಿಲು ಯಾರಿಗಾಗಿ ಎಂದು ಗೋದಾ ಕೇಳಿದ್ದರು. ಲೇಖನ ದೆಹಲಿಗೆ ಹೋಯಿತು, ಹೊರದೇಶಕ್ಕೂ ಹೋಯಿತು. ಅದರ ಹಿಂದೆ ಗೋದಾ ಮೇಡಮ್ಮೂ ಹೋಗಿ ಬಂದರು. ಅವರು ಊರಲ್ಲಿಲ್ಲದ ದಿನಗಳಲ್ಲೂ ಮನೆಕೆಲಸದ ಮುನಿಯಮ್ಮ ಆ ಗಲ್ಲಿಯಿಂದಲೇ ಬಂದು, ಅವರ ಮನೆಯ ಹಿತ್ತಲ ಬಾಗಿಲು ತೆಗೆದು, ಪಾತ್ರೆ ತೊಳೆದು ಹೋದರು.

ಮುನಿಯಮ್ಮ ಆ ಮನೆಗೆ ಬರಲು ಶುರುಮಾಡಿ ಇಪ್ಪತ್ತೆಂಟು ವರ್ಷವಾಗಿತ್ತು. ನಡುವೆ ಒಂದು ದಿನ ಗೋದಾ ಯಾವುದೋ ಪುಸ್ತಕ ಓದಿ ಮುಗಿಸಿದವರೇ ಅವರನ್ನು 'ನೀವು' ಎಂದು ಕರೆಯತೊಡಗಿದರು. ಮುನಿಯಮ್ಮ ಎರಡು ದಿನ ನೋಡಿ ಮೂರನೇ ದಿನ ಸೊಂಟಕ್ಕೆ ಕೈಯಿಟ್ಟು ನಿಂತರು.

"ನಾನೇನ್ ತಪ್ಪು ಮಾಡ್ದೆ ಅಂತ ನೇರ ಬೈದ್ಬಿಡಿ ಅಮ್ಮ. ಹಿಂಗೆ ಬಹುವಚನದಾಗೆ ದೂರ ಮಾಡ್ಬೇಡಿ."

"ತಪ್ಪೇನಿಲ್ಲ ಮುನಿಯಮ್ಮ. ಮರ್ಯಾದೆಗೆ."

"ಅಂಗಾರೆ ಸರಿ. ನಾನೆಲ್ಲೋ ಕೆಲಸ ಬಿಡಿಸ್ತೀರ ಅಂದ್ಕಂಡೆ."

ಗೋದಾ ಮೇಡಂ ಮದುವೆಯಾಗಲಿಲ್ಲ. ಅಪ್ಪ-ಅಮ್ಮ ಹೋದ ಮೇಲೆ ಮಲ್ಲೇಶ್ವರದ ಹದಿಮೂರನೇ ಅಡ್ಡರಸ್ತೆಯ ಮನೆ ಅವರಿಗೂ ತಮ್ಮ ವರದರಾಜನಿಗೂ ಸೇರಿದ್ದಾಯಿತು. ವರದರಾಜ ಬ್ಯಾಂಕಿನಿಂದ ಸ್ವಯಂನಿವೃತ್ತಿ ಪಡೆದ ಮೊದಲ ತಿಂಗಳಲ್ಲೇ ಸೂರಿನಲ್ಲಿ ಸೋರುವ ಜಾಗಗಳನ್ನು ಎಣಿಸಿ, ಮನೆ ಕೆಡವಿ ಅಪಾರ್ಟ್‌ಮೆಂಟು ಕಟ್ಟಿಸೋಣ ಎಂದ. ಬಿಲ್ಡರ್ ಗೌರೀಶ್ ಗೋದಾ ಮೇಡಮ್ಮಿನ ಹಳೇ ವಿದ್ಯಾರ್ಥಿಯೇ. ಅವನ ತಾತ ದೊಡ್ಡಬೈರಪ್ಪ ಹೆಸರಘಟ್ಟದ ಕಡೆಯಿಂದ ಕಲಾಸಿಪಾಳ್ಯಕ್ಕೆ ಗಾಡಿಯಲ್ಲಿ ಬದನೆಕಾಯಿ ತರುತ್ತಿದ್ದವರು. ಮೊಮ್ಮಗ ಈಗ ಆ ದಾರಿಯುದ್ದಕ್ಕೂ ಕಟ್ಟಡ ಎಬ್ಬಿಸುತ್ತಿದ್ದ.

"ಮೇಡಂ, ನಿಮ್ಮ ಪೇಪರ್‌ನಲ್ಲಿ ನನಗೆ ಮೂವತ್ತೈದು ಬಂತು. ಅದೂ ನೀವು ಮನಸ್ಸು ಮಾಡಿ ಕೊಟ್ಟಿದ್ದು. ನಿಮಗೆ ನಾನು ಮೋಸ ಮಾಡ್ತೀನಾ?" ಎಂದು ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡಿದ. ನಾಲ್ಕು ಮಹಡಿ, ಎಂಟು ಮನೆ. ಎರಡನೇ ಮಹಡಿಯಲ್ಲಿ ವರದರಾಜ, ಮೂರನೆಯದರಲ್ಲಿ ಗೋದಾ.

ಗೋದಾ ಮೇಡಂ ಮೇಜಿನ ಸುತ್ತ ಒಂದು ಸುತ್ತು ಹಾಕಿ ನಕ್ಷೆಯ ಹಿಂಭಾಗದಲ್ಲಿದ್ದ ಒಂದು ಸಣ್ಣ ಚೌಕದ ಮೇಲೆ ಬೆರಳಿಟ್ಟರು. "ಇದೇನು ಗೌರೀಶ್?"

"ಸರ್ವಿಸ್ ಲಿಫ್ಟು ಮೇಡಂ. ಮುಂದಿನದು ಮನೆಯವರಿಗೆ, ಕನ್ನಡಿ ಎಲ್ಲ ಇರುತ್ತೆ. ಹಿಂದಿನದು ಸಿಲಿಂಡರು, ಸೋಫಾ, ಕೆಲಸದವರು..."

"ಸಿಲಿಂಡರಿನ ಜೊತೆ ಜನಾನ ಯಾಕಪ್ಪ ಸೇರಿಸ್ತೀಯ?"

ಗೌರೀಶನಿಗೆ ಪರೀಕ್ಷೆಯ ಹಾಲಿನಲ್ಲಿ ಕೂತಂತಾಯಿತು. ವರದರಾಜ ಕಾಫಿ ಲೋಟ ಕೆಳಗಿಟ್ಟ. "ಅಕ್ಕಾ, ಶುರು ಮಾಡ್ಬೇಡ. ಎಲ್ಲಾ ಅಪಾರ್ಟ್‌ಮೆಂಟಲ್ಲೂ ಹಾಗೇ ಇರತ್ತೆ."

"ಗಲ್ಲೀನ ಎತ್ತಿ ನೆಟ್ಟಗೆ ನಿಲ್ಲಿಸಿ ಅದಕ್ಕೆ ಬಟನ್ ಇಟ್ಟಿದಾರೆ. ಅಷ್ಟೇ ವ್ಯತ್ಯಾಸ."

"ಇಷ್ಟು ವರ್ಷ ಮುನಿಯಮ್ಮ ಯಾವ ಬಾಗಿಲಲ್ಲಿ ಬಂದ್ಳು? ಮುಂದಿನ ಬಾಗಿಲಿಗೆ ಬೀಗ ಹಾಕಿತ್ತಾ? ಅವಳು ಹಿಂದಿಂದ ಬಂದಿದ್ದಕ್ಕೆ ತಾನೇ ನೀನು ಪ್ರೊಫೆಸರ್ ಆಗಿದ್ದು?"

ಇದು ಗೋದಾ ಮೇಡಮ್ಮಿಗೆ ನಾಟಿತು. ತಮ್ಮ ಇಷ್ಟು ಸರಿಯಾದ ಮಾತು ಆಡಿದ್ದು ಅವರ ನೆನಪಿನಲ್ಲಿ ಅದೇ ಮೊದಲು. ಅದಕ್ಕಾಗಿಯೇ ಇರಬೇಕು, ಅವರು ಇನ್ನೂ ಗಟ್ಟಿಯಾಗಿ ಹೇಳಿದರು: "ಒಂದೇ ಲಿಫ್ಟು. ಎಲ್ಲರೂ ಅದರಲ್ಲೇ. ಇಲ್ಲದಿದ್ರೆ ಸೈನ್ ಹಾಕಲ್ಲ."

ಗೌರೀಶ್ ಅರ್ಧ ನಿಮಿಷದಲ್ಲಿ ಒಪ್ಪಿಕೊಂಡ. ಬಿಲ್ಡರು ಅರ್ಧ ನಿಮಿಷದಲ್ಲಿ ಒಪ್ಪಿಕೊಂಡ ಷರತ್ತನ್ನು ಯಾರೇ ಆದರೂ ಇನ್ನೊಮ್ಮೆ ಓದಿ ನೋಡಬೇಕು. ಗೋದಾ ಮೇಡಂ ಓದಲಿಲ್ಲ. ಜೀವನದಲ್ಲಿ ಮೊದಲ ಸಲ ತಮ್ಮ ಪ್ರಬಂಧದ ಒಂದು ಸಾಲು ಸಿಮೆಂಟಿನಲ್ಲಿ ಏಳುವುದನ್ನು ನೋಡುವ ಸಂತೋಷದಲ್ಲಿ ಸೈನ್ ಹಾಕಿದರು. ಉಳಿದ ಜಾಗದಲ್ಲಿ ಗೌರೀಶ್ ಪ್ರತಿ ಮನೆಗೂ ಒಂದೊಂದು ದೇವರ ಕೋಣೆ ಸೇರಿಸಿ, ಜಾಹೀರಾತಿನಲ್ಲಿ ಅದನ್ನೇ ದಪ್ಪಕ್ಷರದಲ್ಲಿ ಹಾಕಿದ.

ಕಟ್ಟಡ ಮುಗಿಯುವವರೆಗೆ ಎರಡು ವರ್ಷ ಅಕ್ಕ-ತಮ್ಮ ಬಸವನಗುಡಿಯಲ್ಲಿ ಬಾಡಿಗೆಗಿದ್ದರು. ಅಲ್ಲಿರುವಾಗಲೇ ಗೋದಾ ಮೇಡಂ ನಿವೃತ್ತರಾದರು. ಕಾಲೇಜಿನಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಗಿ, ಪ್ರಾಂಶುಪಾಲರು ಅವರನ್ನು ತತ್ವಶಾಸ್ತ್ರ ಎನ್ನಲು ಹೋಗಿ ಮನಶ್ಶಾಸ್ತ್ರದ ಹೆಮ್ಮೆ ಎಂದು ಹೊಗಳಿದರು. ಮಾರನೇ ದಿನದಿಂದ ಬೆಳಿಗ್ಗೆ ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಗಾಂಧಿ ಬಜಾರಿನವರೆಗೆ ನಡೆದು ತರಕಾರಿ ತರುವರು. ಕೊತ್ತಂಬರಿ ಮರೆತೆ ಎಂದು ಮತ್ತೆ ಹೋಗುವರು. ಕೊತ್ತಂಬರಿ ಮರೆಯದ ದಿನ ಬೇಕೆಂದೇ ಮರೆಯುವರು. ಸೆಮಿನಾರಿಗೆ ಯಾರು ಕರೆದರೂ ದಿನಾಂಕ ಕೇಳುವ ಮೊದಲೇ ಒಪ್ಪಿಕೊಳ್ಳತೊಡಗಿದರು.

ಗೃಹಪ್ರವೇಶವಾಗಿ ಎಲ್ಲ ಮನೆಗಳೂ ತುಂಬಿದವು. ಆ ಎರಡು ವರ್ಷ ಮತ್ತಿಕೆರೆಯ ಮನೆಗಳಲ್ಲಿ ಕೆಲಸ ಮಾಡಿಕೊಂಡಿದ್ದ ಮುನಿಯಮ್ಮ ವಾಪಸು ಬಂದರು. ಮೂರು ಮನೆಯ ಕೆಲಸ ಸಿಕ್ಕಿತು: ಗೋದಾ ಮೇಡಮ್ಮಿನದು, ವರದರಾಜನದು, ನಾಲ್ಕನೇ ಮಹಡಿಯಲ್ಲಿ ಏಕಾಂತಯ್ಯನವರದು. ಏಕಾಂತಯ್ಯ ನಿವೃತ್ತ ಇಂಜಿನಿಯರು. ಬಂದ ವಾರದಲ್ಲೇ ನಿವಾಸಿಗಳ ಸಂಘ ಕಟ್ಟಿ ತಾವೇ ಅಧ್ಯಕ್ಷರಾಗಿದ್ದರು.

ಮೊದಲ ದಿನ ಗೋದಾ ಮೇಡಂ ತಾವೇ ಕೆಳಗಿಳಿದು ಬಂದು ಮುನಿಯಮ್ಮನನ್ನು ಲಿಫ್ಟಿನೊಳಗೆ ಕರೆದುಕೊಂಡು ಹೋದರು. "ನೋಡಿ, ಒಂದೇ. ನಾನೂ ಇದರಲ್ಲೇ, ನೀವೂ ಇದರಲ್ಲೇ. ಜಗಳ ಆಡಿ ಮಾಡಿಸಿದ್ದು."

ಮುನಿಯಮ್ಮ ಕನ್ನಡಿಯಲ್ಲಿ ಕುಂಕುಮ ಸರಿಮಾಡಿಕೊಂಡರು. "ಕನ್ನಡಿ ಚೆನ್ನಾಗೈತೆ" ಎಂದರು.

ಒಂದು ತಿಂಗಳು ಎಲ್ಲ ಸುಸೂತ್ರ. ಆಮೇಲೆ ಸಂಘದ ವಾಟ್ಸಾಪಿನಲ್ಲಿ ಗೊಣಗಾಟ ಹತ್ತಿಕೊಂಡಿತು. ಬೆಳಿಗ್ಗೆ ಸ್ಕೂಲ್ ವ್ಯಾನು ಬರುವ ಹೊತ್ತಿಗೆ ಲಿಫ್ಟು ಸಿಗುವುದಿಲ್ಲ, ಒಳಗೆ ನೆಲ ಒರೆಸುವ ಬಟ್ಟೆಯ ವಾಸನೆ, ಕಸದ ಚೀಲ ಸೋರಿದೆ, ಹಾಲಿನವನು ಬಾಗಿಲಿಗೆ ಕ್ರೇಟು ಅಡ್ಡ ಇಟ್ಟು ಮನೆ ಮನೆಗೆ ಹೋಗುತ್ತಾನೆ. ಮೊದಲನೇ ಮಹಡಿಯವರ ನಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಬರುತ್ತಿತ್ತು. ಅದರ ವಾಸನೆಯ ಬಗ್ಗೆ ಯಾರೂ ಬರೆಯಲಿಲ್ಲ. ಒಂದು ಭಾನುವಾರ ಸಭೆ ಸೇರಿತು. ಗೋದಾ ಮೇಡಂ ಆ ದಿನ ಧಾರವಾಡದಲ್ಲಿ ಸಮಾನತೆಯ ಕುರಿತು ಮಾತಾಡುತ್ತಿದ್ದರು.

ವಾಪಸು ಬಂದಾಗ ಲಿಫ್ಟಿನ ಪಕ್ಕ ಲ್ಯಾಮಿನೇಟ್ ಮಾಡಿದ ನೋಟೀಸು. ಬೆಳಿಗ್ಗೆ ಆರೂವರೆಯಿಂದ ಒಂಬತ್ತೂವರೆವರೆಗೆ ಮನೆಕೆಲಸದವರು ಹಾಗೂ ಸಾಮಾನು ತರುವವರು ದಯವಿಟ್ಟು ಮೆಟ್ಟಿಲು ಬಳಸಿ ಸಹಕರಿಸಬೇಕು. ಗೋದಾ ಮೇಡಂ ಚೀಲವನ್ನೂ ಇಳಿಸದೆ ಎರಡನೇ ಮಹಡಿಗೆ ಹೋದರು.

"ನೀನು ಸಭೇಲಿದ್ಯಲ್ಲ ವರದ. ಏನು ಮಾಡ್ದೆ?"

"ನಾನು ಕೈ ಎತ್ತಲಿಲ್ಲ ಅಕ್ಕಾ."

"ವಿರೋಧ ಮಾಡಿದ್ಯಾ?"

"ಅದಕ್ಕೂ ಕೈ ಎತ್ಬೇಕಿತ್ತು."

ಹತ್ತು ದಿನ ಮುನಿಯಮ್ಮ ಮೆಟ್ಟಿಲು ಹತ್ತಿದರು. ಅರವತ್ತರ ಹತ್ತಿರದ ವಯಸ್ಸು, ಎರಡೂ ಮಂಡಿಯಲ್ಲಿ ಊತ. ನಾಲ್ಕನೇ ಮಹಡಿಯಲ್ಲಿ ಮುಗಿಸಿ ಮೂರಕ್ಕೆ ಇಳಿಯುವಾಗ ಗೋಡೆ ಹಿಡಿದುಕೊಂಡು ಒಂದೊಂದೇ ಕಾಲಿಡುವ ಸದ್ದು ಗೋದಾ ಮೇಡಮ್ಮಿಗೆ ಒಳಗೆ ಕೇಳುತ್ತಿತ್ತು. ಹನ್ನೊಂದನೇ ದಿನ ಮುನಿಯಮ್ಮ ಅಡುಗೆಮನೆಯ ನೆಲದಲ್ಲಿ ಕೂತು ಮಂಡಿ ನೀವಿಕೊಳ್ಳುತ್ತ ಹೇಳಿದರು:

"ಈ ತಿಂಗಳು ಮುಗಿಸಿ ಬಿಟ್ಬಿಡ್ತೀನಿ ಅಮ್ಮ. ಮೂರು ಮನೇನೂ."

"ಬಿಟ್ಟು?"

"ಇನ್ನೇನು, ಮಗಳ ಮನೇಲಿ ಕೂತ್ಕಂಡು ಅಳಿಯನ ಬಾಯಿಂದ ಅನ್ನಿಸ್ಕಳಾದು. ಈಗ್ಲೇ ಅಂತಾನೆ. ಕೈಯಾಗೆ ದುಡಿಮೆ ಐತೆ ಅಂತ ಒಂಚೂರು ಕಮ್ಮಿ ಅಂತಾನೆ." ಇನ್ನೊಂದು ಕಾಲು ಚಾಚಿ, "ಅಲ್ಲಾ, ಮೊದ್ಲು ಎರಡು ಲಿಫ್ಟು ಬರೆದಿದ್ರಂತೆ? ಗೌರೀಶಪ್ಪ ಹೇಳ್ತಿದ್ದ. ನೀವೇ ಬ್ಯಾಡ ಅಂದ್ರಂತೆ?"

"ಅದು... ಹಿಂದಿನ ಲಿಫ್ಟಲ್ಲಿ ನಿಮ್ಮನ್ನ ಸಿಲಿಂಡರಿನ ಜೊತೆ..."

"ಸಿಲಿಂಡರೇನು ಕಚ್ತದಾ? ಅದರ ಪಕ್ಕ ನಿಂತ್ಕಂಡು ಆರಾಮಾಗಿ ಬತ್ತಿದ್ದೆ."

ಗೋದಾ ಮೇಡಂ ಮರ್ಯಾದೆಯ ಬಗ್ಗೆ ಬಾಯಿ ತೆರೆದರು. ಮುನಿಯಮ್ಮನ ಮಂಡಿ ಕಣ್ಣ ಮುಂದೆಯೇ ಇತ್ತು. ಮಾತು ಬಿಟ್ಟು ಬಿಸಿನೀರಿಗೆ ಒಲೆ ಹಚ್ಚಿದರು.

ಆ ದಿನ ಅವರು ಮನೆಯೊಳಗೆ ಎಷ್ಟು ಮೈಲಿ ನಡೆದರೋ ಲೆಕ್ಕವಿಲ್ಲ. ಮುನಿಯಮ್ಮ ಇಪ್ಪತ್ತೆಂಟು ವರ್ಷ ಗಲ್ಲಿಯಿಂದ ಬಂದಾಗ ತಾನು ಲೇಖನ ಬರೆದೆ. ಈಗ ತನ್ನ ಒಂದು ಷರತ್ತಿನಿಂದ ಅವರ ಕೆಲಸವೇ ಹೋಗುತ್ತಿದೆ. ಮೂರು ವಿಷಯದ ಮೇಲೆ ಆರುನೂರ ಹನ್ನೆರಡು ಪುಟ ಬರೆದವಳಿಗೆ, ಹೋಗಿ ಒಂದು ಮಾತು ಮುನಿಯಮ್ಮನನ್ನೇ ಕೇಳೋಣ ಎಂದು ಆಗ ಯಾಕೆ ತೋಚಲಿಲ್ಲ? ಮಂಡಿ ನೋಯುತ್ತದೆಯೇ ಎಂದು ಕೇಳಲು ಅಡಿಟಿಪ್ಪಣಿ ಬೇಕಾಗಿರಲಿಲ್ಲ. ತಿಂಗಳು ಮುಗಿಯಲು ಹದಿನೇಳು ದಿನ ಉಳಿದಿತ್ತು.

ಮೊದಲು ಸಂಘದ ವಾಟ್ಸಾಪಿನಲ್ಲಿ ಉದ್ದದ ಪತ್ರ ಬರೆದರು. ಮೊದಲ ಉತ್ತರ, ಮುಗಿದ ಎರಡು ಕೈ. ಎರಡನೆಯದು, ನೀರಿನ ಟ್ಯಾಂಕರ್ ಎಷ್ಟು ಹೊತ್ತಿಗೆ ಬರುತ್ತೆ ಎಂಬ ಪ್ರಶ್ನೆ. ಆಮೇಲೆ ಎಲ್ಲರೂ ಟ್ಯಾಂಕರ್ ಬಗ್ಗೆಯೇ ಬರೆದರು. ಗೌರೀಶನಿಗೆ ಫೋನ್ ಮಾಡಿ, ಆ ಇನ್ನೊಂದು ಲಿಫ್ಟನ್ನು ಈಗ ಹಾಕಲು ಬರುತ್ತದೆಯೇ ಎಂದು ಕೇಳಿದರು.

"ಎಲ್ಲಿ ಹಾಕ್ಲಿ ಮೇಡಂ? ಆ ಜಾಗದಲ್ಲಿ ಎಂಟು ಮನೆ ದೇವ್ರು ಕೂತಿದಾವೆ. ದೇವ್ರನ್ನ ಎಬ್ಬಿಸಿ ಲಿಫ್ಟ್ ಹಾಕ್ಲಾ?"

ಕೊನೆಗೆ ಒಂದು ಬೆಳಿಗ್ಗೆ ನಾಲ್ಕನೇ ಮಹಡಿಗೆ ಹೋದರು. ಏಕಾಂತಯ್ಯ ಸಭ್ಯರು. ಕುರ್ಚಿ ಹಾಕಿದರು, ಬಾದಾಮಿ ಹಾಲು ತರಿಸಿದರು.

"ಮೇಡಂ, ನಿಮ್ಮ ಕಳಕಳಿ ನನಗೆ ಅರ್ಥ ಆಗುತ್ತೆ. ನಾನೂ ಬಡತನದಿಂದಲೇ ಬಂದವನು. ಆದ್ರೆ ಎಂಟು ಮನೆ, ಒಂದು ಲಿಫ್ಟು. ಅದನ್ನ ಒಂದಕ್ಕೆ ಇಳಿಸಿದ್ದು ಯಾರು?"

"ನಾನೇ. ತಪ್ಪಾಯ್ತು."

ಏಕಾಂತಯ್ಯ ಬಾದಾಮಿ ಹಾಲಿನ ಲೋಟವನ್ನು ಅವರ ಕಡೆ ಇನ್ನಷ್ಟು ಸರಿಸಿದರು. "ರೂಲ್ ಅಂದ್ಮೇಲೆ ರೂಲೇ ಅಲ್ವಾ" ಎಂದರು. ಅಷ್ಟರಲ್ಲಿ ಒಳಗಿನಿಂದ ಅವರ ತಾಯಿ ಗಿರಿಜಾಂಬಾ ಗಾಲಿಕುರ್ಚಿಯಲ್ಲಿ ಬಂದರು. ತೊಂಬತ್ತೊಂದು ವಯಸ್ಸು. ತಳ್ಳುತ್ತಿದ್ದದ್ದು ಅವರನ್ನು ನೋಡಿಕೊಳ್ಳುವ ಲಕ್ಕಮ್ಮ. ದಿನಾ ಎಂಟು ಗಂಟೆಗೆ ಎಳೆಬಿಸಿಲಿಗೆ ಕೆಳಗೆ ಕರೆದೊಯ್ಯುವ ರೂಢಿಯಂತೆ.

ಗೋದಾ ಮೇಡಂ ಬಾದಾಮಿ ಹಾಲು ಅರ್ಧಕ್ಕೇ ಇಟ್ಟು ಎದ್ದರು. ಲಕ್ಕಮ್ಮ ಈ ಹೊತ್ತಿನಲ್ಲಿ ಲಿಫ್ಟಿನಲ್ಲಿ ಹೇಗೆ ಹೋಗುತ್ತಾಳೆ? ಕೆಳಗೆ ಬಂದು ನೋಟೀಸನ್ನು ಕನ್ನಡಕ ಹಾಕಿಕೊಂಡು ಓದಿದರು. ತಳದಲ್ಲಿ ಇರುವೆಯಂಥ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು: ನಿವಾಸಿಗಳ ಜೊತೆಯಲ್ಲಿ ಬರುವವರಿಗೆ ಈ ನಿಯಮ ಅನ್ವಯಿಸುವುದಿಲ್ಲ. ಅಧ್ಯಕ್ಷರು ತಾಯಿಗಾಗಿ ಬಿಟ್ಟುಕೊಂಡ ಸಂದು.

ಮಾರನೇ ಬೆಳಿಗ್ಗೆ ಆರೂವರೆಗೆ ಮುನಿಯಮ್ಮ ಗೇಟಿನಲ್ಲಿ ಕಾಲಿಟ್ಟಾಗ ನಿವಾಸಿ ಗೋದಾ ಮೇಡಂ ಲಿಫ್ಟಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದರು.

"ಬನ್ನಿ. ಜೊತೆಗೆ ನಾನಿದೀನಿ. ಯಾರೂ ಕೇಳೋ ಹಾಗಿಲ್ಲ. ಈ ನಿಯಮದಲ್ಲಿ ಒಂದು ವಿಶೇಷ ಏನಪ್ಪಾ ಅಂದ್ರೆ..."

"ಪಾಠ ಆಮ್ಯಾಕೆ ಹೇಳ್ರಮ್ಮ. ಮೊದ್ಲು ನಾಕು ಒತ್ತಿ."

ಮುನಿಯಮ್ಮನನ್ನು ನಾಲ್ಕಕ್ಕೆ ಬಿಟ್ಟು ಕೆಳಗಿಳಿದರೆ ಅಲ್ಲಿ ಸಿಲಿಂಡರು ಹೊತ್ತವನೊಬ್ಬ ಮೆಟ್ಟಿಲು ನೋಡುತ್ತ ನಿಂತಿದ್ದ. ಅವನ ಜೊತೆ ಎರಡಕ್ಕೆ ಹೋದರು. ಇಳಿದರೆ ಹೂವಿನ ಕಮಲಮ್ಮ. ಅವಳ ಜೊತೆ ಒಂದು, ಎರಡು, ಮೂರು. ಅಷ್ಟು ಹೊತ್ತಿಗೆ ಮುನಿಯಮ್ಮ ನಾಲ್ಕನೆಯದು ಮುಗಿಸಿ ಇಳಿಯುವ ಹೊತ್ತಾಗಿತ್ತು. ಒಂಬತ್ತೂವರೆಗೆ ಮನೆಗೆ ಬಂದಾಗ ಕಾಫಿ ಕುಡಿದಿಲ್ಲವೆಂದು ನೆನಪಾಯಿತು.

ನಾಲ್ಕನೇ ದಿನ ಲಿಫ್ಟಿನೊಳಗೆ ಒಂದು ಪ್ಲಾಸ್ಟಿಕ್ ಸ್ಟೂಲು ಬಂತು. ಕೂರಲಲ್ಲ, ಪುಸ್ತಕ ಇಡಲು. ಒಂದು ವಾರ ಕಳೆಯುವಷ್ಟರಲ್ಲಿ ಯಾರು ಎಷ್ಟನೇ ಮಹಡಿ, ಎಷ್ಟು ಹೊತ್ತಿಗೆ ಎಂದೆಲ್ಲ ಬಾಯಿಗೆ ಬಂದಿತ್ತು. ಟೈ ಕಟ್ಟಿಕೊಂಡವರೂ ಕಸದ ಬಕೆಟ್ಟಿನವರೂ ಒತ್ತಿಕೊಂಡು ನಿಂತು ಮೇಲಿನ ನಂಬರನ್ನೇ ನೋಡುತ್ತಿದ್ದರು. ಬೇರೆ ನೋಡಲು ಏನೂ ಇರಲಿಲ್ಲ. ಟೈ ಕಟ್ಟಿಕೊಂಡವರ ಮುಖದಲ್ಲಿ ಅಂಥ ಸಂತೋಷವೇನೂ ಕಾಣುತ್ತಿರಲಿಲ್ಲ. ವರದರಾಜ ಮೊದಮೊದಲು ಅಕ್ಕನನ್ನು ಕಂಡರೆ ಮೆಟ್ಟಿಲ ಕಡೆ ತಿರುಗುತ್ತಿದ್ದ.

ಒಂದು ದಿನ ಏಕಾಂತಯ್ಯ ವಾಕಿಂಗ್ ಮುಗಿಸಿ ಬಂದರು. ಒಳಗೆ ಆಗಲೇ ಐದು ಜನ, ಒಂದು ಸಿಲಿಂಡರು.

"ಮೇಡಂ, ಇದು ರೂಲಿನ ದುರುಪಯೋಗ ಅಲ್ವಾ?"

"ಉಪಯೋಗ ಸಾರ್. ನೀವೇ ಬರೆದಿದ್ದು."

"ಮುಂದಿನ ಸಭೇಲಿ ಆ ಸಾಲು ತೆಗೀಬೇಕಾಗುತ್ತೆ."

"ತೆಗೀರಿ ಸಾಮಿ" ಎಂದರು ಮುನಿಯಮ್ಮ, ಬಕೆಟ್ಟನ್ನು ಇನ್ನೊಂದು ಕೈಗೆ ಬದಲಾಯಿಸುತ್ತ. "ಲಕ್ಕಮ್ಮ ಹೆಂಗೆ ಅಜ್ಜೀನ ಮೆಟ್ಲು ಇಳಿಸ್ತಾಳೋ ನೋಡಾಣ. ಬತ್ತೀರಾ, ಬಾಗ್ಲು ಮುಚ್ಚಾದಾ?"

ಏಕಾಂತಯ್ಯ ಹಿಂದೆ ಮುಂದೆ ನೋಡಿ, ಹೊಟ್ಟೆ ಒಳಗೆಳೆದುಕೊಂಡು, ಸಿಲಿಂಡರಿನ ಪಕ್ಕ ನಿಂತರು.

ಅದೇ ವಾರ ದೆಹಲಿಯಿಂದ ಫೋನು ಬಂತು. ದೊಡ್ಡ ಸಮ್ಮೇಳನ, ಮೂರು ದಿನ, ಉದ್ಘಾಟನಾ ಭಾಷಣ ಗೋದಾ ಮೇಡಮ್ಮಿನದು. ಇಷ್ಟು ದೊಡ್ಡ ವೇದಿಕೆಗೆ ಅವರನ್ನು ಯಾರೂ ಕರೆದಿರಲಿಲ್ಲ. ದಿನಾಂಕ ಕೇಳುವ ಮೊದಲೇ ಒಪ್ಪುವ ಅವರು ಈ ಸಲ ದಿನಾಂಕ ಕೇಳಿ, ತಿಳಿಸುತ್ತೇನೆ ಎಂದರು. ಏನು ಅಡಚಣೆ ಎಂದು ಆ ಕಡೆಯವರು ಕೇಳಿದಾಗ ಬೆಳಿಗ್ಗೆ ಲಿಫ್ಟಿನ ಕೆಲಸ ಇರುತ್ತದೆ ಎಂದರು. ಅದು ಯಾವುದೋ ಹೊಸ ಸಂಶೋಧನಾ ಯೋಜನೆಯ ಹೆಸರೆಂದು ತಿಳಿದ ಅವರು, ಅದರ ಬಗ್ಗೆಯೇ ಮಾತಾಡಿ ಮೇಡಂ ಎಂದು ಇನ್ನಷ್ಟು ಒತ್ತಾಯಿಸಿದರು. ಗೋದಾ ಮೇಡಂ ನಾಲ್ಕು ದಿನ ಉತ್ತರ ಬರೆಯುವರು, ಅಳಿಸುವರು. ವರದರಾಜನನ್ನು ಮೂರು ದಿನ ಲಿಫ್ಟಿನಲ್ಲಿ ನಿಲ್ಲುತ್ತೀಯಾ ಎಂದು ಕೇಳಿದ್ದಕ್ಕೆ ಅವನು, "ಬ್ಯಾಂಕ್ ಮ್ಯಾನೇಜರ್ ಆಗಿದ್ದೋನು ಅಕ್ಕಾ ನಾನು" ಎಂದು ಪೇಪರಿನೊಳಗೆ ಮುಖ ಹಾಕಿದ.

ತಿಂಗಳ ಕೊನೆಯ ದಿನ ಬಂತು. ಬಿಡುತ್ತೇನೆ ಎಂದಿದ್ದ ಮುನಿಯಮ್ಮ ಆ ಮಾತನ್ನು ಮತ್ತೆ ಎತ್ತಿರಲಿಲ್ಲ. ಗೋದಾ ಮೇಡಮ್ಮಿಗೆ ಕೇಳಲು ಹೆದರಿಕೆ. ಕೇಳದೆ ಇರಲೂ ಆಗದು. ಆರೂವರೆಯ ಮೊದಲ ಸುತ್ತಿನಲ್ಲಿ ಇಬ್ಬರೇ ಇದ್ದರು. ಎರಡನೇ ಮಹಡಿ ದಾಟಿದ ಮೇಲೆ ಬಾಯಿ ಬಿಟ್ಟರು.

"ಮುನಿಯಮ್ಮ, ನಾಳೆ?"

"ನಾಳೆ ಏನು?"

"ಬರ್ತೀರಾ?"

ಮುನಿಯಮ್ಮ ಸ್ಟೂಲಿನ ಮೇಲಿದ್ದ ಪುಸ್ತಕವನ್ನೂ, ಮೇಡಮ್ಮಿನ ಮುಖವನ್ನೂ ನೋಡಿದರು. "ನೀವು ಇಲ್ಲಿದ್ರೆ ನಾನೂ ಬತ್ತೀನಿ. ನೀವು ರಜ ಹಾಕಿದ ದಿನ ನಂಗೂ ರಜ. ಏಕಾಂತಯ್ಯೋರಿಗೂ ಹಂಗೇ ಹೇಳಿವ್ನಿ. ಅವ್ರ ಮನೆ ಪಾತ್ರೆ ರಾಶಿ ಬಿದ್ರೆ ಆವಾಗ ಗೊತ್ತಾಗ್ತದೆ." ಬಾಗಿಲು ತೆರೆಯಿತು. ಮುನಿಯಮ್ಮ ಬಕೆಟ್ಟು ಎತ್ತಿಕೊಂಡು ಇಳಿದು ಹೋದರು.

ಗೋದಾ ಮೇಡಂ ಒಬ್ಬರೇ ಉಳಿದರು. ಮೊಬೈಲು ತೆಗೆದು, ಕ್ಷಮಿಸಿ, ಈ ಸಲ ಬರಲಾಗುವುದಿಲ್ಲ ಎಂದು ದೆಹಲಿಯವರಿಗೆ ಬರೆದು ಕಳಿಸಿದರು. ಅದು ಹೋಗಲಿಲ್ಲ. ಲಿಫ್ಟಿನೊಳಗೆ ಸಿಗ್ನಲ್ ಇರುವುದಿಲ್ಲ. ಮೂರು, ಎರಡು, ಒಂದು ಎಂದು ಇಳಿಯುವಷ್ಟು ಹೊತ್ತು ಆ ಸಂದೇಶ ಅಲ್ಲೇ ಗಿರಗಿರ ಸುತ್ತುತ್ತಿತ್ತು. ಬೇಕಿದ್ದರೆ ಅಳಿಸಬಹುದಿತ್ತು. ಅವರು ಅಳಿಸುವ ಗುರುತಿನ ಮೇಲೆ ಎರಡು ಸಲ ಬೆರಳು ತಂದು ತೆಗೆದರು. ನೆಲಮಹಡಿಯಲ್ಲಿ ಬಾಗಿಲು ತೆರೆಯಿತು. ಹೂವಿನ ಬುಟ್ಟಿ ಹಿಡಿದ ಕಮಲಮ್ಮ ಒಳಗೆ ಬರುತ್ತ, "ಮೂರು ಒತ್ತಿ ಮೇಡಮ್ಮ, ಇವತ್ತು ಲೇಟಾಯ್ತು" ಎಂದಳು. ಫೋನು ಟಿಣ್ ಎಂದಿತು.

ಸಂದೇಶ ಹೋಗಿತ್ತು. ಗೋದಾ ಮೇಡಂ ಮೂರು ಒತ್ತಿದರು.